ತೆರೆಗೆ ಬಂದ ಪ್ರಾಣಿಗಳು: ನಾವು ನಂಬಿದ್ದು, ಪುಸ್ತಕದಲ್ಲಿರುವುದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಸಿನಿಮಾ ನೋಡುವವರಿಗೆ ಭಾಷೆಯ ತಕರಾರಿಲ್ಲ. ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುತ್ತವೆ. ದನಕರುಗಳ ಬಗ್ಗೆಯೂ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ಇವತ್ತಿಗೂ ಗಾಡಿ ಕಟ್ಟಿಕೊಂಡು ಹೋಗುವವರಿದ್ದಾರೆ. ಹಲ್ಲು, ಸುಳಿ ನೋಡಿ ಖಿಲಾರಿ ಹೋರಿಗೆ ಬೆಲೆ ಕಟ್ಟುವ ಹಿರಿಯರು ಊರೂರಿಗೆ ಸಿಗುತ್ತಾರೆ. ಇಂಥ ಸೀಮೆಯಲ್ಲೂ ಪುಸ್ತಕದಿಂದ ಸಿನಿಮಾಕ್ಕೆ ಬಂದ ಪ್ರಾಣಿಗಳ ಬಗ್ಗೆ ಕೆಲವು ತಪ್ಪು ಕಲ್ಪನೆಗಳು ಗಟ್ಟಿಯಾಗಿ ಕೂತಿವೆ. ಮಕ್ಕಳಿಗೆ ಆ ಪುಸ್ತಕಗಳು ಸಿಗುವ ಮೊದಲೇ ಮೊಬೈಲಿನಲ್ಲಿ ಸಿನಿಮಾ ಸಿಕ್ಕಿರುತ್ತದೆ. ಹಾಗಾಗಿ ಇವನ್ನು ಬಿಡಿಸಿ ಹೇಳಬೇಕೆನಿಸಿತು.

ನಂಬಿಕೆ: ಹೆಸರಿನಲ್ಲಿ ಪ್ರಾಣಿ ಇದ್ದರೆ ಕಥೆಯಲ್ಲೂ ಆ ಪ್ರಾಣಿಗೆ ಪಾತ್ರವಿರುತ್ತದೆ.

ಹಾಗೇನಿಲ್ಲ. 1972ರ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ. ಅಲ್ಲಿ ಹಾವೆಂದರೆ ಕಥಾನಾಯಕ ರಾಮಾಚಾರಿಯ ಸಿಟ್ಟು. ಬದಲಾವಣೆಗಳಿಂದ ಬೇಸತ್ತ ತ.ರಾ.ಸು. ತಮ್ಮ ನಾಗರಹಾವು ಕೇರೆಹಾವಾಯಿತೆಂದು ನೊಂದುಕೊಂಡ ಮಾತು ಪ್ರಸಿದ್ಧ. ಕಬ್ಬಿನ ಗದ್ದೆಯ ಇಲಿ ತಿಂದು ರೈತನಿಗೆ ನೆರವಾಗುವ ಕೇರೆಹಾವನ್ನು ಬೈಗುಳವಾಗಿ ಬಳಸುವುದು ನನಗೆ ಹಿಡಿಸದು, ಆದರೆ ಲೇಖಕರ ನೋವು ಅರ್ಥವಾಗುತ್ತದೆ. ನಮ್ಮ ಪಕ್ಕದ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ತಾವೇ ನಿರ್ದೇಶಿಸಿದ ‘ಕಾಡು ಕುದುರೆ’ಯೂ ಹೀಗೆಯೇ. ಆ ಕುದುರೆಯನ್ನು ಜನ ನೆನಪಿಟ್ಟುಕೊಂಡದ್ದು ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡಿನಿಂದ.

ನಂಬಿಕೆ: ‘ಜಂಗಲ್ ಬುಕ್’ನ ಹೆಬ್ಬಾವು ಕೇಡಿಗ, ಮಂಗಗಳಿಗೊಬ್ಬ ರಾಜನಿದ್ದಾನೆ, ಶೇರ್ ಖಾನ್‌ನನ್ನು ಕೊನೆಗೆ ಸೋಲಿಸಿದ್ದು ಬೆಂಕಿ.

ಮೂರೂ ಸಿನಿಮಾದವರು ಮಾಡಿಕೊಂಡದ್ದು. ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಾ ಎಂಬ ಹೆಬ್ಬಾವು ಕಥೆಯ ಹುಡುಗ ಮೋಗ್ಲಿಯ ಜೀವ ಉಳಿಸಿದವನು. ಮಂಗಗಳು ಹುಡುಗನನ್ನು ಪಾಳುಬಿದ್ದ ಊರಿಗೆ ಹೊತ್ತೊಯ್ದಾಗ ಕರಡಿ ಬಾಲೂ, ಚಿರತೆ ಬಘೀರಾ ಇಬ್ಬರೂ ಹೋಗಿ ನೆರವು ಕೇಳುವುದು ಅವನನ್ನೇ. ಅವನು ತಲೆಯಿಂದ ಗುದ್ದಿ ಗೋಡೆ ಒಡೆದು ಮೋಗ್ಲಿಯನ್ನು ಬಿಡಿಸುತ್ತಾನೆ. ಎರಡನೆಯ ಪುಸ್ತಕದಲ್ಲಿ ಸೀಳುನಾಯಿಗಳ ದಂಡು ಬಂದಾಗ ಹೆಜ್ಜೇನನ್ನು ಅವುಗಳ ಮೇಲೆ ಎಬ್ಬಿಸುವ ಉಪಾಯವೂ ಅವನದೇ. 1967ರ ಡಿಸ್ನಿ ಕಾರ್ಟೂನು ಇಂಥ ಹಿರಿಯನನ್ನು ಕಣ್ಣು ತಿರುಗಿಸಿ ಮಂಕು ಹಿಡಿಸುವ ಕಪಟಿಯನ್ನಾಗಿ ಮಾಡಿತು. ಹಾವೆಂದರೆ ಕೇಡು ಎನ್ನುವುದು ಅವರ ಕಡೆಯ ಹಳೆಯ ಭಾವನೆ. ಪಂಚಮಿಗೆ ನಾಗಪ್ಪನಿಗೆ ಹಾಲೆರೆದು ಅಳ್ಳು, ಉಂಡಿ ತಿನ್ನುವ ನಮ್ಮ ಮಕ್ಕಳು ಅದನ್ನು ಕಡ ತರಬೇಕಾಗಿಲ್ಲ.

ಮಂಗಗಳ ರಾಜ ಲೂಯಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಒಡೆಯನಿಲ್ಲ, ಕಟ್ಟುಪಾಡಿಲ್ಲ ಎಂಬುದೇ ಕಿಪ್ಲಿಂಗನ ಮಂಗಗಳ ಗುರುತು. ಲೂಯಿ ಒರಾಂಗುಟಾನ್, ಅದು ಭಾರತದ ಪ್ರಾಣಿಯೂ ಅಲ್ಲ. 2016ರ ಚಿತ್ರದವರು ಇದನ್ನರಿತು ಅವನನ್ನು ಅಳಿದುಹೋದ ದೈತ್ಯ ವಾನರನನ್ನಾಗಿ ಮಾಡಿದರು; ರಾಜಪಟ್ಟ ಮಾತ್ರ ಉಳಿಸಿದರು.

ಇನ್ನು ಹುಲಿಯ ಸಾವು. ಇಲ್ಲಿ ನನ್ನ ಬೇಸರ ದೊಡ್ಡದು, ಯಾಕೆಂದರೆ ಪುಸ್ತಕದಲ್ಲಿ ಶೇರ್ ಖಾನ್‌ನನ್ನು ಕೊಂದದ್ದು ಊರಿನ ಎಮ್ಮೆಗಳು. ಮೋಗ್ಲಿ ಊರಲ್ಲಿ ದನಗಾಹಿಯಾಗಿರುತ್ತಾನೆ. ಹುಲಿ ಹಂದಿ ತಿಂದು, ನೀರು ಕುಡಿದು ಒಣಗಿದ ಹಳ್ಳದಲ್ಲಿ ಮಲಗಿದೆ. ಹೊಟ್ಟೆ ತುಂಬಿದ ಹುಲಿ ದಂಡೆ ಹತ್ತಲಾರದು, ಹೋರಾಡಲಾರದು. ಮೋಗ್ಲಿ ತೋಳಗಳ ನೆರವಿನಿಂದ ಹಿಂಡನ್ನು ಎರಡು ಮಾಡುತ್ತಾನೆ. ಕರುಗಳಿರುವ ಎಮ್ಮೆಗಳು ಹಳ್ಳದ ಕೆಳಬಾಯಿಯಲ್ಲಿ, ಕೋಣಗಳು ಮೇಲಿನ ತುದಿಯಲ್ಲಿ. ರಾಮ ಎಂಬ ಕೋಣನ ಬೆನ್ನೇರಿ ಕೋಣಗಳನ್ನು ಹಳ್ಳಕ್ಕೆ ನುಗ್ಗಿಸುತ್ತಾನೆ. ಕೆಳಗೆ ಎಮ್ಮೆಗಳ ಕೂಗು ಕೇಳಿದ ಹುಲಿ ತಿರುಗಿ ಕೋಣಗಳತ್ತಲೇ ಬರುತ್ತದೆ. ಕರು ಕಟ್ಟಿಕೊಂಡ ಎಮ್ಮೆಗಿಂತ ಕೋಣವೇ ವಾಸಿ ಎಂದು ಅದಕ್ಕೆ ಗೊತ್ತು. ಅಥಣಿ ಕಡೆ ಎಮ್ಮೆ ಮೇಯಿಸಿದ ಯಾವ ಅಜ್ಜನಾದರೂ ಈ ಸಾಲಿಗೆ ತಲೆದೂಗುತ್ತಾನೆ. ಈದ ಎಮ್ಮೆಯ ಹತ್ತಿರ ಹೊಸಬರು ಹೋದರೆ ಏನಾಗುತ್ತದೆಂದು ಅವನು ಕಂಡಿದ್ದಾನೆ. 1967ರ ಚಿತ್ರದಲ್ಲಿ ಎಮ್ಮೆಗಳೇ ಇಲ್ಲ, ಬಾಲಕ್ಕೆ ಕಟ್ಟಿದ ಬೆಂಕಿಗೆ ಹೆದರಿ ಹುಲಿ ಓಡಿಹೋಗುತ್ತದೆ. 2016ರದರಲ್ಲಿ ಎಮ್ಮೆಗಳ ಹಿಂಡು ಹಾದುಹೋಗುತ್ತದೆ, ಹುಲಿ ಸಾಯುವುದು ಬೆಂಕಿಗೆ ಬಿದ್ದು. ದನ ಕಾಯುವವನ ಬುದ್ಧಿ ಗೆದ್ದ ಕಥೆಯಲ್ಲಿ ಆ ಬುದ್ಧಿಯನ್ನೇ ಕಿತ್ತುಹಾಕಿದರು.

“ನಿಜವಾದ ಹುಲಿ, ಕರಡಿ ತಂದು ತೆಗೆಯಲು ಆಗುವುದಿಲ್ಲವಲ್ಲ, ಅದಕ್ಕೇ ಬದಲಾಯಿಸುತ್ತಾರೆ” ಎನ್ನುವವರೂ ಇದ್ದಾರೆ. ಇದು ಅರ್ಧ ಸತ್ಯ. ಭಾರತದಲ್ಲಿ ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸುವುದಕ್ಕೆ 1998ರ ಕೇಂದ್ರ ಅಧಿಸೂಚನೆಯ ತಡೆಯಿದೆ. 2011ರಲ್ಲಿ ಹೋರಿಯೂ ಆ ಪಟ್ಟಿಗೆ ಸೇರಿತು. 2001ರ ನಿಯಮಗಳ ಪ್ರಕಾರ ಸಿನಿಮಾದಲ್ಲಿ ಪ್ರಾಣಿ ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ನಮ್ಮ ಕಡೆಯ ಗಾಡಿ ಶರ್ಯತ್ತಿಗೆ ಕರ್ನಾಟಕದ 2017ರ ತಿದ್ದುಪಡಿ ದಾರಿ ಮಾಡಿಕೊಟ್ಟಿತು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸಿನಿಮಾದ ಅನುಮತಿಯ ಮಾತು ಬೇರೆ. ಈ ಕಟ್ಟಳೆಗಳು ಇರಬೇಕಾದವೇ. ಆದರೆ ಪ್ರಾಣಿಯ ಗುಣವನ್ನು ಬದಲಿಸಿ ಎಂದು ಯಾವ ಕಾನೂನೂ ಹೇಳಿಲ್ಲ. 2016ರ ‘ಜಂಗಲ್ ಬುಕ್’ ಲಾಸ್ ಏಂಜಲೀಸಿನ ಸ್ಟುಡಿಯೋದೊಳಗೆ ತೆಗೆದದ್ದು, ಪ್ರಾಣಿಗಳೆಲ್ಲ ಕಂಪ್ಯೂಟರಿನವು. ಕಾನನ್ನು ಸಜ್ಜನನಾಗಿ ತೋರಿಸಲು ಅವರಿಗೆ ಯಾರೂ ಅಡ್ಡ ಬಂದಿರಲಿಲ್ಲ.

‘ತಬ್ಬಲಿಯು ನೀನಾದೆ ಮಗನೆ’ ಗೋವಿನ ಹಾಡಿನ ಸಿನಿಮಾ ಎಂದು ತಿಳಿದವರಿಗೆ ಒಂದು ಮಾತು. 1977ರ ಆ ಚಿತ್ರಕ್ಕೆ ಆಧಾರ ಎಸ್.ಎಲ್. ಭೈರಪ್ಪನವರ 1968ರ ಕಾದಂಬರಿ. ಹಾಡಿನ ಪುಣ್ಯಕೋಟಿ ಮಾತಾಡುತ್ತಾಳೆ, ಹುಲಿಗೆ ಭಾಷೆ ಕೊಡುತ್ತಾಳೆ. ಕಾದಂಬರಿಯ ಪುಣ್ಯಕೋಟಿಗೆ ಮಾತಿಲ್ಲ. ಅವಳ ಸುತ್ತ ಮನುಷ್ಯರು ಜಗಳಾಡುತ್ತಾರೆ. ಅಂದರೆ ಹಸು ಮೂಕವಾದದ್ದು ಪುಸ್ತಕದಲ್ಲೇ, ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರ ಕ್ಯಾಮೆರಾದ ಮುಂದಲ್ಲ.

ಕೊನೆಯದು, ಬದಲಾಯಿಸಿದರೆ ಕೆಟ್ಟಂತೆಯೇ ಎಂಬ ನಂಬಿಕೆ. ಇದಕ್ಕೆ ಉತ್ತರ ಮೈಸೂರಿನಲ್ಲೇ ಇದೆ. 1937ರ ‘ಎಲಿಫೆಂಟ್ ಬಾಯ್’ ಕೂಡ ಕಿಪ್ಲಿಂಗನ ‘ಜಂಗಲ್ ಬುಕ್’ ಪುಸ್ತಕದ್ದೇ ಒಂದು ಕಥೆ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು, ಕಾರಾಪುರದ ಮಾವುತನ ಮಗ ಸಾಬುವನ್ನು ಕಥೆಯ ಹುಡುಗ ತೂಮಾಯಿಯಾಗಿಸಿದರು, ಐರಾವತ ಎಂಬ ಆನೆಯನ್ನು ಕಾಲಾ ನಾಗನಾಗಿಸಿದರು. ಕಥೆಯ ಕಾಲಾ ನಾಗ 47 ವರ್ಷ ಸರ್ಕಾರದ ಕೆಲಸ ಮಾಡಿದ ಸಮಾಧಾನದ ಮುದಿ ಆನೆ, ಮಾವುತ ಕೊನೆಯವರೆಗೂ ಬದುಕಿರುತ್ತಾನೆ. ಸಿನಿಮಾದಲ್ಲಿ ಮಾವುತನನ್ನು ಹುಲಿ ಕೊಲ್ಲುತ್ತದೆ, ಆನೆ ದುಃಖದಲ್ಲಿ ರೊಚ್ಚಿಗೇಳುತ್ತದೆ. ಆಮೇಲೆ ಬಂದ ಹೊಸ ಮಾವುತ ಹೊಡೆಯುವವನು. ಆನೆ ಅವನ ಮೇಲೆ ತಿರುಗಿಬೀಳುತ್ತದೆ. ಅದನ್ನು ಕೊಲ್ಲಿಸುತ್ತಾರೆಂದು ತಿಳಿದ ಹುಡುಗ ರಾತ್ರೋರಾತ್ರಿ ಅದರೊಂದಿಗೆ ಕಾಡು ಸೇರುತ್ತಾನೆ. ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಆದರೂ ನಾನಿದನ್ನು ಒಪ್ಪುತ್ತೇನೆ. ಸಾಕಿದವನನ್ನು ಕಳೆದುಕೊಂಡ ಎತ್ತು ಮೇವು ಬಿಟ್ಟು ನಿಲ್ಲುವುದನ್ನು, ಬಾರುಕೋಲು ಬೀಸಿದವನು ದಾವಣಿಗೆ ಬಂದರೆ ಕೊಂಬು ತಗ್ಗಿಸುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡದವರಾರು? ಬರೆದವನು ಹೇಳದೆ ಬಿಟ್ಟಿದ್ದ ಆನೆಯ ಸಿಟ್ಟನ್ನು ಸಿನಿಮಾದವರು ಆನೆಯ ಸ್ವಭಾವದಿಂದಲೇ ತೆಗೆದುಕೊಂಡರು.