ಅವಧಾನಿಯ ಎರಡು ಮನಸ್ಸುಗಳು

ಬಸವನಗುಡಿಯ ಸಭಾಭವನವೊಂದರಲ್ಲಿ, ಎಂಟು ಮಂದಿ ಪೃಚ್ಛಕರು ಒಡ್ಡುವ ಸವಾಲುಗಳನ್ನು ಒಬ್ಬನೇ ಕವಿಯು ಎದುರಿಸುವ ಅಷ್ಟಾವಧಾನವು ನಡೆಯುವಾಗ ಸಭಿಕರ ಉತ್ಕಂಠೆ ಪರಾಕಾಷ್ಠೆಗೇರುವುದು ನಿಷೇಧಾಕ್ಷರಿಯಲ್ಲಿ. ಅವಧಾನಿಯು ಒಂದಕ್ಷರವನ್ನು ನುಡಿದೊಡನೆಯೇ ಪೃಚ್ಛಕನು ಮುಂದಿನದನ್ನು ಊಹಿಸಿ ನಿಷೇಧಿಸುತ್ತಾನೆ. ಅವಧಾನಿಯಾದರೋ ಛಂದಸ್ಸು ಕೆಡದಂತೆ, ಪ್ರಾಸ ತಪ್ಪದಂತೆ, ಅರ್ಥ ಮುರಿಯದಂತೆ ಪದ್ಯವನ್ನು ಬೇರೆ ದಾರಿಗೆ ತಿರುಗಿಸಬೇಕು. ಕೊಟ್ಟ ಪಾದವನ್ನು ಪದ್ಯವಾಗಿ ಪೂರಯಿಸುವ ಸಮಸ್ಯಾಪೂರಣ, ಕೊಟ್ಟ ಪದಗಳನ್ನಿಟ್ಟು ಪದ್ಯ ಕಟ್ಟುವ ದತ್ತಪದಿಗಳ ಸುತ್ತು ಮುಗಿದು ಮತ್ತೆ ನಿಷೇಧಾಕ್ಷರಿಯ ಸರದಿ ಬರುವವರೆಗೂ ಆ ಪಾದವು ಧಾರಣೆಯಲ್ಲಿ ನಿಲ್ಲಬೇಕು. ಕಾಗದ ಲೇಖನಿಗಳ ಆಶ್ರಯವಿಲ್ಲ. ನಡುನಡುವೆ ಅಸಂಬದ್ಧ ಪ್ರಶ್ನೆಗಳಿಂದ ಕೆಣಕುವ ಅಪ್ರಸ್ತುತಪ್ರಸಂಗದವರ ಕೀಟಲೆಗೆ ಬಿಡುವಿಲ್ಲ.

ಇದು ಹೇಗೆ ಸಾಧ್ಯ? ಮನುಷ್ಯನ ಚಿಂತನೆಯು ಎರಡು ಬಗೆಯದೆಂದು ಆಧುನಿಕ ಮನಶ್ಶಾಸ್ತ್ರದ ಒಂದು ಪಕ್ಷ ಹೇಳುತ್ತದೆ: ಒಂದು ಶೀಘ್ರ, ಅಯತ್ನಸಿದ್ಧ, ಇನ್ನೊಂದು ಮಂದ, ಪ್ರಯತ್ನಸಾಧ್ಯ. 1890ರಲ್ಲಿಯೇ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಇದರ ಬೀಜವನ್ನು ಬಿತ್ತಿದ್ದರು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ನರ 2011ರ ಗ್ರಂಥದಿಂದ ಅದು ಜನಜನಿತವಾಯಿತು. ಸಂಶೋಧಕ ಶೇನ್ ಫ್ರೆಡ್ರಿಕ್ 2005ರಲ್ಲಿ ಪ್ರಕಟಿಸಿದ ಪ್ರಶ್ನೆಯೊಂದನ್ನು ನಮ್ಮ ಗಾಂಧಿ ಬಜಾರಿಗೆ ತಂದು ಕೇಳೋಣ: ಬುಟ್ಟಿಯೂ ಹೂವೂ ಸೇರಿ 110 ರೂಪಾಯಿ, ಬುಟ್ಟಿಗೆ ಹೂವಿಗಿಂತ 100 ರೂಪಾಯಿ ಹೆಚ್ಚು, ಹೂವಿಗೆಷ್ಟು? ನಾಲಗೆಯು 10 ಎನ್ನಲು ಮುಂದಾಗುತ್ತದೆ. ನಿಂತು ಲೆಕ್ಕವಿಟ್ಟರೆ 5.

ಇಂತಹ ಉದಾಹರಣೆಗಳು ಹೆಚ್ಚಿದಷ್ಟೂ ಶೀಘ್ರಮನಸ್ಸಿಗೆ ಪ್ರಮಾದದ ಅಪಕೀರ್ತಿಯೇ ಅಂಟಿಕೊಳ್ಳುತ್ತದೆ. ಅದು ಅನ್ಯಾಯವೆಂಬುದಕ್ಕೆ ಅವಧಾನವೇ ಸಾಕ್ಷಿ. ಉತ್ಪಲಮಾಲೆಯೆಂಬ ವೃತ್ತದ ಪಾದವೊಂದರ 20 ಅಕ್ಷರಗಳ ಗುರುಲಘುಕ್ರಮವನ್ನು ಅವಧಾನಿಯು ಎಣಿಸುತ್ತ ಕೂರುವುದಿಲ್ಲ. ವರ್ಷಗಳ ಅಭ್ಯಾಸದಿಂದ ಅದು ರಕ್ತಗತವಾಗಿರುತ್ತದೆ. ಏಕರೂಪವಾಗಿ ಅಭ್ಯಸಿಸಿದ ಕಾರ್ಯವು ಕ್ರಮೇಣ ಗಮನವನ್ನು ಬೇಡದಂತಾಗುತ್ತದೆಂದು ಮನಶ್ಶಾಸ್ತ್ರಜ್ಞರಾದ ಶಿಫ್ರಿನ್ ಮತ್ತು ಶ್ನೈಡರ್ 1977ರಲ್ಲಿ ಪ್ರಯೋಗಗಳಿಂದ ತೋರಿಸಿದ್ದರು. ಹೀಗೆ ಉಳಿದ ಗಮನವೆಲ್ಲವೂ ಪ್ರತ್ಯಕ್ಷರವೂ ಬದಲಾಗುವ ನಿಷೇಧದ ಕಡೆಗೆ ಹರಿಯುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಪೃಚ್ಛಕನು ತಡೆಯುವುದು ಬಹುತೇಕ ಕಾವ್ಯಪರಿಚಿತನಾದ ತನಗೂ ಥಟ್ಟನೆ ಹೊಳೆದ ಅಕ್ಷರವನ್ನೇ. ರೂಢಿಯ ಪದಕ್ಕೆ ದಾರಿ ಮುಚ್ಚಿದಾಗ ಮಂದಮನಸ್ಸು ಎಚ್ಚೆತ್ತು ಅಪೂರ್ವವಾದುದನ್ನು ಅರಸಬೇಕಾಗುತ್ತದೆ.

ಕ್ರಮಬದ್ಧವಾದ ಕ್ಷೇತ್ರದಲ್ಲಿ ದೀರ್ಘಕಾಲ ಸಾಧನೆ ಮಾಡಿ, ತಪ್ಪೊಪ್ಪುಗಳನ್ನು ಒಡನೆಯೇ ತಿಳಿದುಕೊಂಡವನ ಸ್ಫುರಣೆಯು ನಂಬತಕ್ಕದ್ದೆಂದು ಕಾನಮನ್ನರೂ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನರೂ 2009ರಲ್ಲಿ ಒಪ್ಪಿಕೊಂಡರು. ಛಂದಸ್ಸಿಗಿಂತ ಕ್ರಮಬದ್ಧವಾದ ಕ್ಷೇತ್ರ ಯಾವುದುಂಟು? ಅವಧಾನಿಗಳು ತಮ್ಮ ಕಲೆಯನ್ನು ತಾವೇ ಪರಿಶೀಲಿಸಿದ್ದೂ ಉಂಟು: 2012ರಲ್ಲಿ ಬೆಂಗಳೂರಿನಲ್ಲಿ, ನೂರು ಪೃಚ್ಛಕರನ್ನು ಎದುರಿಸುವ ಶತಾವಧಾನವನ್ನು ಪೂರ್ಣವಾಗಿ ಕನ್ನಡದಲ್ಲಿಯೇ ನಡೆಸಿದ ರಾ. ಗಣೇಶರು ಈ ಕಲೆಯನ್ನು ಕುರಿತ ಮಹಾಪ್ರಬಂಧವನ್ನೂ ರಚಿಸಿದ್ದಾರೆ. ಮನೋವಿಜ್ಞಾನಿಗಳೂ ಇಂತಹ ಸಭೆಗಳಿಗೆ ಬರಬೇಕೆಂಬುದು ನನ್ನ ಹಂಬಲ: ನಿಷೇಧಕ್ಕೂ ಅವಧಾನಿಯ ಮುಂದಿನ ಅಕ್ಷರಕ್ಕೂ ನಡುವೆ ಕಳೆಯುವ ಕಾಲವನ್ನು, ಪ್ರಾಸಸ್ಥಾನದಲ್ಲೊಮ್ಮೆ ಇತರೆಡೆಯಲ್ಲೊಮ್ಮೆ, ಅವರು ಅಳೆದು ನೋಡಲಿ.