ಒಳ್ಳೆಯ ಎಲೆಯನ್ನು ಬಚ್ಚಿಡುವ ಲೆಕ್ಕ

ಪೋಕರ್‌ನಲ್ಲಿ ಕೈಗೆ ಒಳ್ಳೆಯ ಎಲೆ ಬಂದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಎದುರಾಳಿಗಳಿಗೆ ಅದರ ವಾಸನೆ ಬಡಿದರೆ ಸಾಕು, ಒಬ್ಬೊಬ್ಬರಾಗಿ ಎಲೆ ಕೆಳಗಿಟ್ಟು ಹಿಂದೆ ಸರಿಯುತ್ತಾರೆ. ಗೆದ್ದವನಿಗೆ ದಕ್ಕುವುದು ಅಷ್ಟು ಹೊತ್ತಿಗೆ ಮೇಜಿನ ನಡುವೆ ಬಿದ್ದಿದ್ದ ಚಿಲ್ಲರೆ ಮೊತ್ತ. ಹೆಚ್ಚು ಹಣ ಬರಬೇಕಾದರೆ ಸೋಲುವ ಎಲೆ ಹಿಡಿದವರು ತಾವೇ ಗೆಲ್ಲುತ್ತೇವೆಂದು ನಂಬಿ ಕೊನೆಯವರೆಗೂ ಪಂತ ಕಟ್ಟುತ್ತಿರಬೇಕು. ಬಲವನ್ನು ಬಚ್ಚಿಡುವ ವಿದ್ಯೆ ಹುಟ್ಟಿದ್ದು ಈ ಅಗತ್ಯದಿಂದ. ಆದರೆ ಅದು ಪುಕ್ಕಟೆ ಸಿಗುವುದಿಲ್ಲ.

19ನೇ ಶತಮಾನದ ಅಮೆರಿಕದಲ್ಲಿ ಬೆಳೆದ ಡ್ರಾ ಪೋಕರ್‌ನಲ್ಲಿ ಈ ಬೆಲೆಯನ್ನು ನಿಖರವಾಗಿ ಲೆಕ್ಕ ಹಾಕಬಹುದು. ಅಲ್ಲಿ ಐದು ಎಲೆ ಹಂಚಿದ ಮೇಲೆ ಬೇಡದವನ್ನು ಕೊಟ್ಟು ಹೊಸದನ್ನು ಪಡೆಯಬಹುದು. ಎಷ್ಟು ಎಲೆ ಬದಲಾಯಿಸಿದರೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದೇ ಸಂಖ್ಯೆಯ ಮೂರು ಎಲೆ ಇದ್ದವನು ಸಹಜವಾಗಿ ಉಳಿದ ಎರಡನ್ನು ಬದಲಾಯಿಸುತ್ತಾನೆ. ಜಾಣನಾದವನು ಒಂದನ್ನು ಮಾತ್ರ ಕೊಡುತ್ತಾನೆ. ಇವನ ಬಳಿ ಎರಡು ಜೋಡಿ ಇರಬೇಕು, ಇಲ್ಲವೇ ಏನೋ ಒಂದು ಎಲೆಗಾಗಿ ಕಾಯುತ್ತಿದ್ದಾನೆ ಎಂದು ಉಳಿದವರು ತಿಳಿಯಲಿ ಎಂದು. ಎರಡು ಬದಲಾಯಿಸಿದ್ದರೆ ಕೈ ಇನ್ನೂ ಮೇಲೇರುವ ಸಾಧ್ಯತೆ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚಿರುತ್ತಿತ್ತು. ಒಂದೇ ಬದಲಾಯಿಸಿದ್ದರಿಂದ ಅದು ಎಂಟೂವರೆಗೆ ಇಳಿಯಿತು. ನೂರಕ್ಕೆ ಸುಮಾರು ಎರಡರಷ್ಟು ಸಾಧ್ಯತೆ ಕೊಟ್ಟು ಕೊಂಡ ಮುಸುಕು ಅದು. ದುಬಾರಿಯೇನಲ್ಲ.

ಇಂದು ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಲೆಕ್ಕ ಇನ್ನಷ್ಟು ಸಿಕ್ಕಾಗುತ್ತದೆ. ಪ್ರತಿಯೊಬ್ಬರಿಗೂ ಮುಚ್ಚಿದ ಎಲೆ ಎರಡೇ. ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ಮೇಲೆ ತೆರೆದುಕೊಳ್ಳುತ್ತವೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಾಲ್ಕು ಸುತ್ತು ಬೆಟ್ ನಡೆಯುತ್ತದೆ. ಪ್ರತಿ ಸುತ್ತಿನಲ್ಲೂ ಹಣ ಕಟ್ಟಬಹುದು, ಮೊತ್ತ ಏರಿಸಬಹುದು, ಎಲೆ ಬಿಡಬಹುದು. ಯಾರೂ ಇನ್ನೂ ಕಟ್ಟಿಲ್ಲದಿದ್ದರೆ ಚೆಕ್ ಎಂದು ಸರದಿಯನ್ನು ಮುಂದಕ್ಕೆ ದಾಟಿಸಬಹುದು. ಈ ಒಂದೊಂದು ನಡೆಯೂ ಒಂದೊಂದು ಸುಳಿವು.

ಬಲವಾದ ಕೈ ಹಿಡಿದೂ ಬಡವನಂತೆ ಚೆಕ್ ಮಾಡುತ್ತಾ, ಬೇರೆಯವರು ಕಟ್ಟಿದಷ್ಟನ್ನೇ ಕೊಡುತ್ತಾ ಸಾಗುವುದಕ್ಕೆ ಸ್ಲೋ ಪ್ಲೇ ಎನ್ನುತ್ತಾರೆ. ಇದರ ಪ್ರಸಿದ್ಧ ನಿದರ್ಶನ 1988ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಕೊನೆಯ ಆಟ. ಜಾನಿ ಚಾನ್ ಬಳಿ ಗುಲಾಮ ಮತ್ತು 9 ಇದ್ದವು. ಎರಿಕ್ ಸೈಡೆಲ್ ಬಳಿ ರಾಣಿ ಮತ್ತು 7. ಮೇಜಿನ ಮೇಲೆ ರಾಣಿ, 10, 8 ತೆರೆದುಕೊಂಡಾಗಲೇ ಚಾನ್‌ಗೆ ಎಂಟರಿಂದ ರಾಣಿಯವರೆಗೆ ಐದೆಲೆಯ ಸಾಲು ಕೂಡಿಬಂತು. ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಕೈ ಸಾಧ್ಯವೇ ಇರಲಿಲ್ಲ. ಸೈಡೆಲ್‌ಗೆ ಕಂಡದ್ದು ತನ್ನ ರಾಣಿಯ ಜೋಡಿ ಮಾತ್ರ. ನಾಲ್ಕನೆಯದಾಗಿ 2 ಬಿತ್ತು. ಚಾನ್ ಬೆಟ್ ಕಟ್ಟದೆ ಸುಮ್ಮನಾದರು. ಕೊನೆಯ ಎಲೆಯ ಮೇಲೆ ಸೈಡೆಲ್ ತಮ್ಮಲ್ಲಿದ್ದ, ಹಣದ ಬದಲು ಬಳಸುವ ಚಿಪ್‌ಗಳನ್ನೆಲ್ಲ ಮುಂದಕ್ಕೆ ತಳ್ಳಿದರು. ಚಾನ್ ಸತತ ಎರಡನೇ ವರ್ಷ ಪ್ರಶಸ್ತಿ ಗೆದ್ದದ್ದು ಹೀಗೆ. ಹತ್ತು ವರ್ಷಗಳ ನಂತರ ಬಂದ ‘ರೌಂಡರ್ಸ್’ ಚಿತ್ರದಲ್ಲಿ ಈ ಆಟದ ದೃಶ್ಯವನ್ನು ಬಳಸಿಕೊಂಡದ್ದರಿಂದ ಪೋಕರ್ ಆಡದವರಿಗೂ ಇದು ಪರಿಚಿತವಾಯಿತು.

ಚಾನ್ ತೋರಿದ ತಾಳ್ಮೆಯನ್ನು ಹೊಗಳುವವರು ಮರೆಯುವ ಒಂದು ಸಂಗತಿಯಿದೆ. 2 ಬಿದ್ದ ಮೇಲೆ ಐದನೆಯದಾಗಿ ಯಾವ ಎಲೆ ಬಂದರೂ ಸೈಡೆಲ್ ಗೆಲ್ಲುವಂತಿರಲಿಲ್ಲ. ಮತ್ತೊಂದು ರಾಣಿ ಬಂದಿದ್ದರೂ ಮೂರು ರಾಣಿಗಳು ಆ ಸಾಲಿಗಿಂತ ಕೆಳಗೇ. ಎದುರಾಳಿಗೆ ಬಿಟ್ಟಿಯಾಗಿ ಎಲೆ ತೋರಿಸಿದ್ದರಿಂದ ಚಾನ್ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಎಲ್ಲ ಆಟದಲ್ಲೂ ಹೀಗಿರುವುದಿಲ್ಲ. ಒಬ್ಬನ ಬಳಿ ಎರಡು 8. ಮೇಜಿನ ಮೇಲೆ ಮತ್ತೊಂದು 8, ಜತೆಗೆ ಆಟೀನಿನ ಎರಡು ಎಲೆಗಳು ಎಂದಿಟ್ಟುಕೊಳ್ಳೋಣ. ಎದುರಾಳಿಯ ಕೈಯಲ್ಲಿ ಇನ್ನೆರಡು ಆಟೀನು. ಅವನಿಗೆ ಕಾಣದ 47 ಎಲೆಗಳಲ್ಲಿ 9 ಆಟೀನು ಇನ್ನೂ ಉಳಿದಿವೆ. ಅಂದರೆ ಮುಂದಿನ ಎಲೆಯಲ್ಲೇ ಒಂದೇ ಜಾತಿಯ ಐದು ಕೂಡುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ನಡುವೆ 1,000 ರೂಪಾಯಿ ಇದ್ದಾಗ ಮೂರು 8ರ ಒಡೆಯ 500 ಕಟ್ಟಿದರೆ, ಎದುರಾಳಿ 1,500ರ ಆಸೆಗೆ 500 ಕೊಡಬೇಕು. ಅದು ಗಿಟ್ಟಬೇಕಾದರೆ ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ಮುಂದಿನ ಸುತ್ತುಗಳಲ್ಲಿ ಬರಬಹುದಾದ ಹಣವನ್ನು ಬದಿಗಿಟ್ಟರೆ ಅವನಿಗೆ ನಷ್ಟ. ಇಲ್ಲಿ ಬಲ ಬಚ್ಚಿಡಲು ಹೋಗಿ ಚೆಕ್ ಮಾಡಿದರೆ ಆ 500 ರೂಪಾಯಿಯ ಎಲೆಯನ್ನು ಅವನಿಗೆ ದಾನ ಮಾಡಿದಂತೆ. ಮೇಜಿನ ಮೇಲೆ ಮೂರು ಬೇರೆ ಬೇರೆ ಜಾತಿಯ ರಾಜ, 7, 2 ಇದ್ದು, ಕೈಯಲ್ಲಿ ಎರಡು ರಾಜರಿದ್ದರೆ ಮಾತ್ರ ನಿಶ್ಚಿಂತೆಯಿಂದ ಕಾಯಬಹುದು. ಎದುರಾಳಿಗೆ ಕಾಯಲು ಅಲ್ಲಿ ಏನೂ ಇಲ್ಲ.

ಹೊಸಬರು ಹೆಚ್ಚು ಏಟು ತಿನ್ನುವುದು ಎರಡು ಎಕ್ಕಗಳನ್ನು ಹಿಡಿದಾಗ. ಶುರುವಿನಲ್ಲಿ ಅದಕ್ಕಿಂತ ದೊಡ್ಡ ಜೋಡಿಯಿಲ್ಲ. ಸರಾಸರಿ 221 ಹಂಚಿಕೆಗೊಮ್ಮೆ ಒಲಿಯುತ್ತದೆ. ಯಾರಿಗೂ ಗೊತ್ತಾಗದಿರಲಿ ಎಂದು ಮೊತ್ತ ಏರಿಸದೆ ಕುಳಿತರೆ ಕಂಡಕಂಡವರೆಲ್ಲ ಅಗ್ಗದಲ್ಲಿ ಒಳಗೆ ಬರುತ್ತಾರೆ. ಏನು ಎಲೆಯೆಂದು ಗೊತ್ತಿಲ್ಲದ ಒಬ್ಬ ಎದುರಾಳಿಯ ಮುಂದೆ ಎಕ್ಕದ ಜೋಡಿ ನೂರಕ್ಕೆ 85 ಸಲ ಗೆಲ್ಲುತ್ತದೆ, ನಾಲ್ವರಿದ್ದರೆ 56, ಎಂಟು ಮಂದಿಯಿದ್ದರೆ ಬರೀ 35. ಗುಟ್ಟು ಉಳಿಯಿತು, ಗೆಲುವು ಹೋಯಿತು. ಸ್ಲೋ ಪ್ಲೇ ಯಾವಾಗ ಸಲ್ಲುತ್ತದೆ ಎಂದು 1980ರ ದಶಕದಲ್ಲಿ ಕ್ರಮವಾಗಿ ಬರೆದಿಟ್ಟವರು ಅಮೆರಿಕದ ಡೇವಿಡ್ ಸ್ಕ್ಲಾನ್ಸ್ಕಿ. ಕೈ ತುಂಬ ಬಲವಾಗಿರಬೇಕು, ಕಟ್ಟಿದರೆ ಉಳಿದವರು ಓಡಿಹೋಗುವಂತಿರಬೇಕು, ನಡುವಿನ ಹಣ ಇನ್ನೂ ಕಡಿಮೆಯಿರಬೇಕು ಎಂಬುವು ಅವರು ಹೇಳುವ ಮುಖ್ಯ ಷರತ್ತುಗಳು.

ಬಲ ಬಚ್ಚಿಡುವ ಇನ್ನೊಂದು ಬಗೆ ಚೆಕ್-ರೈಸ್: ಚೆಕ್ ಮಾಡಿ ಎದುರಾಳಿಯನ್ನು ಕಟ್ಟಲು ಬಿಟ್ಟು, ಅದೇ ಸುತ್ತಿನಲ್ಲಿ ಮೊತ್ತ ಏರಿಸಿ ಮೇಲೆ ಬೀಳುವುದು. ಇದು ಸಭ್ಯರ ಆಟವಲ್ಲವೆಂದು ಕೆಲವು ಮನೆಯಾಟಗಳಲ್ಲಿ ನಿಷೇಧವೂ ಇತ್ತು.

ಪೋಕರ್ ಎಂದೊಡನೆ ನೆನಪಾಗುವುದು ಭಾವನೆ ತೋರದ ಮುಖ. ಅದಕ್ಕೆ ಸಿಕ್ಕಿರುವ ಖ್ಯಾತಿ ಅಗತ್ಯಕ್ಕಿಂತ ಹೆಚ್ಚು. 2013ರಲ್ಲಿ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತಿಪರರ ವಿಡಿಯೊ ತುಣುಕುಗಳನ್ನು ಸಾಮಾನ್ಯರಿಗೆ ತೋರಿಸಿ ಎಲೆಯ ಬಲ ಊಹಿಸಲು ಹೇಳಲಾಯಿತು. ಬರೀ ಮುಖ ನೋಡಿದವರು ದಾರಿ ತಪ್ಪಿದರು. ಚಿಪ್ ತಳ್ಳುವ ತೋಳನ್ನಷ್ಟೇ ನೋಡಿದವರ ಊಹೆ ಆಕಸ್ಮಿಕಕ್ಕಿಂತ ಚೆನ್ನಾಗಿತ್ತು. ಒಳ್ಳೆಯ ಎಲೆಯಿದ್ದವರ ಕೈ ಸಲೀಸಾಗಿ ಚಲಿಸುತ್ತಿತ್ತು. ಹಾಗಾಗಿ ಅನುಭವಿಗಳು ಪ್ರತಿ ಸಲವೂ ಅಷ್ಟೇ ಹೊತ್ತು ತೆಗೆದುಕೊಂಡು, ಒಂದೇ ರೀತಿಯಲ್ಲಿ ಚಿಪ್ ಇಡುವುದನ್ನು ರೂಢಿಸಿಕೊಳ್ಳುತ್ತಾರೆ. ಮೊತ್ತಕ್ಕೂ ಇದೇ ಮಾತು: ಒಳ್ಳೆಯ ಎಲೆಗೆ ದೊಡ್ಡ ಬೆಟ್, ಕೆಟ್ಟದ್ದಕ್ಕೆ ಚಿಕ್ಕದು ಎಂಬ ಚಾಳಿ ಬಿದ್ದವನು ಮುಖಕ್ಕೆ ಮುಖವಾಡ ಹಾಕಿದರೂ ಬಯಲಾಗುತ್ತಾನೆ. ನಮ್ಮ ತೀನ್ ಪತ್ತಿಯಲ್ಲಿ ಬ್ಲೈಂಡ್ ಆಡುವವನಿಗೆ ಈ ರಗಳೆಯಿಲ್ಲ. ತನ್ನ ಎಲೆ ತಾನೇ ನೋಡಿರುವುದಿಲ್ಲ, ಮೇಲಾಗಿ ನೋಡಿದವನ ಅರ್ಧದಷ್ಟು ಕಟ್ಟಿದರೆ ಸಾಕು.

ಬಲವನ್ನು ಮುಚ್ಚಲು ಪೂರ್ತಿ ನೆರವಾಗುವುದು ಬ್ಲಫ್, ಅಂದರೆ ಕೆಟ್ಟ ಎಲೆ ಹಿಡಿದೂ ಬಲವಿದ್ದಂತೆ ಕಟ್ಟುವುದು. ಬಲವಿದ್ದಾಗ ಮಾತ್ರ ಕಟ್ಟುವವನ ಬೆಟ್‌ಗೆ ಯಾರೂ ಹಣ ಕೊಡುವುದಿಲ್ಲ. ಗಣಿತಜ್ಞ ಜಾನ್ ವಾನ್ ನಾಯ್ಮನ್, ಆಸ್ಕರ್ ಮಾರ್ಗೆನ್‌ಸ್ಟರ್ನ್ ಜತೆ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಇದನ್ನು ಸರಳಗೊಳಿಸಿದ ಪೋಕರ್ ಮಾದರಿಯೊಂದರ ಮೂಲಕ ತೋರಿಸಿದರು. ಅತಿ ಒಳ್ಳೆಯ ಎಲೆಗೂ ಅತಿ ಕೆಟ್ಟ ಎಲೆಗೂ ಕಟ್ಟಬೇಕು, ನಡುವಿನವನ್ನು ಹಿಡಿದು ಸುಮ್ಮನಿರಬೇಕು. ನಡುವಿರುವ ಮೊತ್ತದಷ್ಟೇ ಕೊನೆಯ ಸುತ್ತಿನಲ್ಲಿ ಕಟ್ಟುವಾಗ ಮೂರರಲ್ಲಿ ಒಂದು ಸಲ ಬ್ಲಫ್ ಇದ್ದರೆ ಎದುರಾಳಿ ಎಲೆ ಬಿಟ್ಟರೂ ಒಂದೇ, ಹಣ ಕೊಟ್ಟರೂ ಒಂದೇ.

ಮುಖವೇ ಇಲ್ಲದ ಆಟಗಾರ ಈ ಲೆಕ್ಕವನ್ನು ಎಲ್ಲಿಗೆ ಒಯ್ಯಬಲ್ಲನೆಂಬುದು 2017ರ ಜನವರಿಯಲ್ಲಿ ಗೊತ್ತಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರ ವಿರುದ್ಧ ಒಟ್ಟು 1,20,000 ಕೈ ಆಡಿ, ಚಿಪ್‌ಗಳ ಲೆಕ್ಕದಲ್ಲಿ 17 ಲಕ್ಷ ಡಾಲರ್‌ಗೂ ಹೆಚ್ಚು ಗೆದ್ದಿತು.

ಎಲೆ ಬಚ್ಚಿಡಬಹುದು, ಚಿಪ್ ಬಚ್ಚಿಡುವಂತಿಲ್ಲ. ಹೆಚ್ಚು ಬೆಲೆಯ ಚಿಪ್‌ಗಳು ರಾಶಿಯ ಮುಂದೆ ಕಾಣುವಂತಿರಬೇಕೆಂಬುದು ನಿಯಮ. ಉಳಿದವರೆಲ್ಲ ಬಿಟ್ಟುಕೊಟ್ಟಾಗ ಗೆದ್ದವನು ಎಲೆ ತೋರಿಸಬೇಕಿಲ್ಲ, ತೋರಿಸದವನೇ ಜಾಣ. ಕೊನೆಯ ಬೆಟ್ ಮುಗಿದು ಎಲೆ ಬಿಚ್ಚುವ ಹೊತ್ತಿನಲ್ಲೂ ಗೆಲ್ಲುವ ಕೈಯನ್ನು ಹಿಡಿದುಕೊಂಡು ಎದುರಾಳಿಯನ್ನು ಆಸೆಯಲ್ಲಿ ತೇಲಾಡಿಸುವುದಕ್ಕೆ ಸ್ಲೋ ರೋಲ್ ಎಂಬ ಹೆಸರಿದೆ. ನಿಯಮ ಅದನ್ನು ತಡೆಯುವುದಿಲ್ಲವಾದರೂ ಪೋಕರ್ ಮೇಜಿನಲ್ಲಿ ಅದು ಅತಿ ದೊಡ್ಡ ಅಸಭ್ಯತೆ. ಆ ಹೊತ್ತಿಗೆ ಇನ್ನು ಕಟ್ಟಲು ಸುತ್ತು ಉಳಿದಿರುವುದಿಲ್ಲ, ಬಚ್ಚಿಟ್ಟು ಗಳಿಸುವುದೂ ಏನೂ ಇರುವುದಿಲ್ಲ.