ಬರಿದಾದ ಡ್ರೈವಿಗೆ ಮೊದಲ ಪಾಠ

ಲ್ಯಾಪ್‌ಟಾಪಿನ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಹೊಸ ಎಸ್‌ಎಸ್‌ಡಿಯನ್ನು ಜೋಡಿಸಿದೆವೆನ್ನೋಣ. ಅದರಲ್ಲಿ ಒಂದಕ್ಷರವೂ ಇಲ್ಲ; ಯಂತ್ರವನ್ನು ನಡೆಸತಕ್ಕ ಆಪರೇಟಿಂಗ್ ಸಿಸ್ಟಮ್ ಹಳೆಯದರೊಡನೆಯೇ ಹೋಯಿತು. ಆದರೂ ಗುಂಡಿಯನ್ನೊತ್ತಿದೊಡನೆ ಪರದೆ ಬೆಳಗುವುದು ಹೇಗೆ?

ಮದರ್‌ಬೋರ್ಡಿನ ಮೇಲಿರುವ ಪುಟ್ಟ ಫ್ಲಾಷ್ ಚಿಪ್ಪಿನಲ್ಲಿ ಯುಇಎಫ್‌ಐ ಎಂಬ ಸೂಚನಾಸಮೂಹವು ಬೇರೆಯಾಗಿ ನೆಲೆಸಿದೆ. ಡ್ರೈವ್ ಬದಲಾದರೂ ಅದು ಅಳಿಯದು. ಯಂತ್ರದ ಅಂಗಗಳನ್ನು ಪರೀಕ್ಷಿಸಿದ ಬಳಿಕ ಅದು, ನಾವು ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಆರಂಭದ ಕಡತವನ್ನು ಹುಡುಕಿ ರ‍್ಯಾಮಿಗೆ ತರುತ್ತದೆ. ಆ ಕಡತವು ಸ್ಥಾಪಕ ತಂತ್ರಾಂಶವನ್ನು ಎಬ್ಬಿಸುತ್ತದೆ. ಸ್ಥಾಪಕವು ಹೊಸ ಡ್ರೈವನ್ನು ವಿಭಾಗಿಸಿ, ಆಪರೇಟಿಂಗ್ ಸಿಸ್ಟಮನ್ನು ಅದರಲ್ಲಿ ಬರೆಯುತ್ತದೆ. ದೀಪದಿಂದ ದೀಪ ಹೊತ್ತುವ ಕ್ರಮವಿದು.

ಆಪರೇಟಿಂಗ್ ಸಿಸ್ಟಮನ್ನು ಮತ್ತೆ ಪಡೆಯಬಹುದು; ನಾವು ಬರೆದ ಟಿಪ್ಪಣಿಗಳನ್ನೂ ತೆಗೆದ ಚಿತ್ರಗಳನ್ನೂ ಹಾಗೆ ಪಡೆಯಲಾಗದು. ಆದುದರಿಂದ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಳ್ಳುವ ಮುನ್ನವೇ ಅವುಗಳ ಪ್ರತಿಯನ್ನು ಬೇರೆಡೆ ತೆಗೆದಿಡತಕ್ಕದ್ದು.